ಫ್ಲೈಟ್‌ಗೇರ್ 2024.1ರಿಂದ 2020.3ಕ್ಕೆ ವಾಪಸ್: ಒಂದು ಪ್ಲೈವುಡ್ ಕಾಕ್‌ಪಿಟ್‌ನ ರಿಪೇರಿ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಹಿಂದಿನ ವರ್ಷನ್‌ಗೆ ವಾಪಸ್ ಹೋಗುವುದು ಅಂದರೆ ಹಳೆ ಪ್ರೋಗ್ರಾಂ ಹುಡುಕಿ ಹಾಕುವುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಪ್ರೋಗ್ರಾಂ ಅದರಲ್ಲಿ ಒಂದು ಭಾಗ ಮಾತ್ರ. ಅದರ ಬೆನ್ನಿಗೆ ಡೇಟಾ ಇದೆ, ವಿಮಾನಗಳಿವೆ, ನೆಲದ ಚಿತ್ರ ಇದೆ, ನಮ್ಮ ಸೆಟ್ಟಿಂಗ್‌ಗಳಿವೆ. ಕೈಯಾರೆ ಕಟ್ಟಿದ ಕಾಕ್‌ಪಿಟ್ ಇದ್ದರೆ ಅದರ ಮೀಟರ್ ನಡೆಸುವ ಆರ್ಡುಯಿನೊ ಅನ್ನುವ ಪುಟ್ಟ ಬೋರ್ಡ್ ಒಳಗಿನ ಕೋಡ್ ಕೂಡ ಸೇರುತ್ತದೆ. ಇವೆಲ್ಲ ಒಟ್ಟಿಗೆ ಹಿಂದಕ್ಕೆ ಬರಬೇಕು. ಯಾವುದಾದರೂ ಒಂದು ಹೊಸದಾಗಿಯೇ ಉಳಿದರೆ ಸಿಮ್ಯುಲೇಟರ್ ತೆರೆಯುವುದೇ ಇಲ್ಲ. ಇಲ್ಲವೇ ತೆರೆದು, ಎಲ್ಲೋ ಒಂದು ಕಡೆ ಸುಮ್ನೆ ಕೆಲಸ ನಿಲ್ಲಿಸುತ್ತದೆ. ಎರಡನೆಯದು ಜಾಸ್ತಿ ಕಷ್ಟ, ಯಾಕೆಂದರೆ ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಯಲಹಂಕದ ನಮ್ಮ ಮನೆಯ ಮಹಡಿ ರೂಮಿನಲ್ಲಿರುವ ಕಾಕ್‌ಪಿಟ್‌ಗೆ ಈ ಕೆಲಸ ಮಾಡಿದೆ. ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಿದ್ದೇನೆ. ನಿಮ್ಮಲ್ಲೂ ಹಳೆ ಲ್ಯಾಪ್‌ಟಾಪ್ ಇದ್ದು, ಅದರ ಮೇಲೆ ಫ್ಲೈಟ್‌ಗೇರ್ ಅನ್ನುವ ಉಚಿತ ಫ್ಲೈಟ್ ಸಿಮ್ಯುಲೇಟರ್ ಓಡಿಸುತ್ತಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಕಾಕ್‌ಪಿಟ್‌ನಲ್ಲಿ ಏನೇನಿದೆ ಅಂತ ಹೇಳುತ್ತೇನೆ. 12 ಎಂಎಂ ಪ್ಲೈವುಡ್‌ನಲ್ಲಿ ಕೊರೆದ ಪ್ಯಾನೆಲ್. ಪಿವಿಸಿ ಪೈಪಿನ ಯೋಕ್, ಅಂದರೆ ವಿಮಾನ ನಡೆಸುವ ಹಿಡಿಕೆ. ಕಾಲ ಕೆಳಗೆ ರಡ್ಡರ್ ಪೆಡಲ್. ಇವುಗಳ ಅಲುಗಾಟವನ್ನು 10 ಕಿಲೋ ಓಮ್ ಪೊಟೆನ್ಶಿಯೋಮೀಟರ್‌ಗಳು ಅಳೆಯುತ್ತವೆ. ಒಂದು ಪ್ರೊ ಮೈಕ್ರೊ ಬೋರ್ಡ್ ಅದನ್ನು ಜಾಯ್‌ಸ್ಟಿಕ್ ಥರ ಲ್ಯಾಪ್‌ಟಾಪ್‌ಗೆ ತೋರಿಸುತ್ತದೆ. ಮೀಟರ್‌ಗಳಿಗೆ ಬೇರೆ ಬೋರ್ಡ್, ಆರ್ಡುಯಿನೊ ನ್ಯಾನೊ. ವೇಗ, ಎಂಜಿನ್ ಆರ್‌ಪಿಎಂ, ಏರುವ ಇಳಿಯುವ ವೇಗ, ಇಂಧನ ಈ ನಾಲ್ಕು ಮುಳ್ಳುಗಳಿಗೆ ಎಕ್ಸ್ 27.168 ಅನ್ನುವ ಪುಟ್ಟ ಸ್ಟೆಪ್ಪರ್ ಮೋಟರ್ ಹಾಕಿದ್ದೇನೆ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇರುವಂಥದ್ದು. 315 ಡಿಗ್ರಿ ತಿರುಗಿ ಅಲ್ಲಿಗೆ ನಿಲ್ಲುತ್ತದೆ. ಒಂದು ಹೆಜ್ಜೆಗೆ ಡಿಗ್ರಿಯ ಮೂರನೇ ಒಂದು ಭಾಗ, ಅಂದರೆ ಈ ಕೊನೆಯಿಂದ ಆ ಕೊನೆಗೆ 945 ಹೆಜ್ಜೆ. ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಇದು ಆಗುವುದಿಲ್ಲ. ಅದರ ದೊಡ್ಡ ಮುಳ್ಳು ಸುತ್ತುತ್ತಲೇ ಇರಬೇಕು. ಹಾಗಾಗಿ ಅಲ್ಲಿ 28ಬಿವೈಜೆ-48 ಮೋಟರ್ ಇದೆ. ಬಹುಪಾಲು ಸಾಮಾನು ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ್ದೇ.

ಇದರಲ್ಲಿ ಕೂತು ಹಾರುವವನು ನನಗಿಂತ ಜಾಸ್ತಿ ನನ್ನ ಅಕ್ಕನ ಮಗ. ಪಿಯುಸಿ ಮುಗಿಸಿದ್ದಾನೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗೆ ಸೇರಬೇಕು ಅನ್ನುವ ಆಸೆ. ಸೆಸ್ನಾ 172ರಲ್ಲಿ ಏರುವುದು, ಒಂದು ಸುತ್ತು ಹಾಕುವುದು, ಇಳಿಯುವುದು ಅವನ ದಿನದ ಅಭ್ಯಾಸ. ಫ್ಲೈಟ್‌ಗೇರ್‌ನ ಹೊಸ ವರ್ಷನ್ 2024.1 ಹಾಕಿದ ಮೇಲೆ ಅವನೇ ಮೊದಲು ಹೇಳಿದ್ದು.

"ಮಾಮ, ಇಳಿಯೋವಾಗ ಯೋಕ್ ಎಳೆದ್ರೆ ಮೂತಿ ಲೇಟಾಗಿ ಏಳ್ತಿದೆ."

ಅವನು ಹೇಳಿದ್ದು ಸರಿಯಾಗಿತ್ತು. ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು.

ಹೊಸ ವರ್ಷನ್‌ನಲ್ಲಿ ಚಿತ್ರ ಬಿಡಿಸುವ ಕೆಲಸ ಪೂರ್ತಿ ಕಂಪೋಸಿಟರ್ ಅನ್ನುವ ಹೊಸ ವ್ಯವಸ್ಥೆಯದ್ದು. ಬೆಳಕು, ನೆರಳು, ಮೋಡ ಎಲ್ಲ ನೋಡಲು ಬಹಳ ಚೆನ್ನಾಗಿವೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವವರು ಖಂಡಿತ ಅದನ್ನೇ ಬಳಸಬೇಕು. ನಮ್ಮ ಲ್ಯಾಪ್‌ಟಾಪ್‌ಗೆ ಬೇರೆ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿರುವ ಗ್ರಾಫಿಕ್ಸ್ ಅಷ್ಟೇ. ಜಕ್ಕೂರಿನ ಮೇಲೆ ಹಾರುವಾಗ ಫ್ರೇಮ್ ರೇಟ್, ಅಂದರೆ ಪರದೆಗೆ ಬರುವ ಚಿತ್ರಗಳ ಸಂಖ್ಯೆ, ಸೆಕೆಂಡಿಗೆ ಹತ್ತರ ಆಸುಪಾಸಿಗೆ ಬೀಳುತ್ತಿತ್ತು.

ಈಗ ಇದನ್ನು ಗಮನಿಸಿ. ಸೆಸ್ನಾದ ಹಾರಾಟದ ಲೆಕ್ಕ ಮಾಡುವುದು ಜೆಎಸ್‌ಬಿಸಿಮ್ ಅನ್ನುವ ಭಾಗ. ಅದು ಸೆಕೆಂಡಿಗೆ 120 ಸಲ ಲೆಕ್ಕ ಹಾಕುತ್ತದೆ. ಚಿತ್ರ ಎಷ್ಟೇ ನಿಧಾನವಾದರೂ ಆ ಲೆಕ್ಕ ತಪ್ಪುವುದಿಲ್ಲ. ಒಂದು ಚಿತ್ರ ಬರುವಷ್ಟರಲ್ಲಿ ಹತ್ತಾರು ಸಲ ಲೆಕ್ಕ ಮುಗಿದಿರುತ್ತದೆ. ಹಾಗಾಗಿ ವಿಮಾನ ನಿಧಾನ ಹಾರುವುದಿಲ್ಲ. ಆದರೆ ಯೋಕ್ ಎಲ್ಲಿದೆ ಅಂತ ಸಿಮ್ಯುಲೇಟರ್ ನೋಡುವುದು ಚಿತ್ರಕ್ಕೊಂದು ಸಲ. ಸೆಕೆಂಡಿಗೆ ಹತ್ತು ಚಿತ್ರ ಅಂದರೆ ಕೈ ಅಲುಗಿದ್ದು ವಿಮಾನಕ್ಕೆ ಗೊತ್ತಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಗೊತ್ತಾದ ಮೇಲೆ ಅದು ಪರದೆಯಲ್ಲಿ ಕಾಣಲು ಇನ್ನೊಂದಿಷ್ಟು. ಮೇಲೆ ನೇರವಾಗಿ ಹಾರುವಾಗ ಇದು ಯಾರಿಗೂ ಗೊತ್ತಾಗುವುದಿಲ್ಲ. ರನ್‌ವೇ ಮೇಲೆ ಇನ್ನೇನು ಚಕ್ರ ಮುಟ್ಟಬೇಕು ಅನ್ನುವಾಗ ಮೂತಿ ಎತ್ತುವುದಿದೆಯಲ್ಲ, ಫ್ಲೇರ್, ಅಲ್ಲಿ ಇದೇ ಎಲ್ಲ. ಹುಡುಗ ತಡವನ್ನು ಸರಿತೂಗಿಸಲು ಮುಂಚೆಯೇ ಎಳೆಯುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ನಾಳೆ ನಿಜವಾದ ವಿಮಾನದಲ್ಲಿ ಅದೇ ಕೈ ಎಳೆದರೆ? ಕಲಿಯುವವರಿಗೆ ಕೆಟ್ಟ ಅಭ್ಯಾಸ ಕಲಿಸುವ ಸಿಮ್ಯುಲೇಟರ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ವಾಪಸ್ ಹೋಗಲು ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಹೊಸದರಲ್ಲೇ ಸೆಟ್ಟಿಂಗ್ ಇಳಿಸಿ ನೋಡಿದೆ. ಗಿಡಮರ ಕಡಿಮೆ ಮಾಡಿದೆ, ನೆರಳು ತೆಗೆದೆ, ಮೋಡ ತೆಗೆದೆ. ಸ್ವಲ್ಪ ಸುಧಾರಿಸಿತು, ಸಾಕಾಗಲಿಲ್ಲ.

ವಾಪಸ್ ಹೋಗುವುದಾದರೆ 2020.3ಕ್ಕೇ ಯಾಕೆ ಅಂದರೆ, ಅದು ದೀರ್ಘ ಕಾಲ ತಿದ್ದುಪಡಿ ಪಡೆದ ಸರಣಿ. ಬಿಟ್ಟ ಮೇಲೂ ವರ್ಷಗಟ್ಟಲೆ ಸಣ್ಣಪುಟ್ಟ ತಪ್ಪುಗಳನ್ನು ತಿದ್ದುತ್ತಾ ಬಂದರು. ಇನ್ನೊಂದು, ಅದರಲ್ಲಿ ಹಳೆಯ ಚಿತ್ರಣ ವ್ಯವಸ್ಥೆಯೇ ಮುಖ್ಯ. ಕಂಪೋಸಿಟರ್ ಬೇಕಾದವರಿಗೆ ಪಕ್ಕದಲ್ಲಿ ಬೇರೆ ಪ್ರೋಗ್ರಾಂ ಆಗಿ ಇತ್ತು. ನಮ್ಮ ಲ್ಯಾಪ್‌ಟಾಪ್‌ಗೆ ಬೇಕಾಗಿದ್ದು ಆ ಹಳೆಯದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಫ್ಲೈಟ್‌ಗೇರ್ ಶುರುವಾಗಿದ್ದು 1996ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಸ್ವಯಂಸೇವಕರು ಬರೆದು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಲೈಸೆನ್ಸ್ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಹಳೆಯ ವರ್ಷನ್‌ಗಳನ್ನು ಅಳಿಸಿಲ್ಲ. ಸೋರ್ಸ್‌ಫೋರ್ಜ್ ಅನ್ನುವ ಡೌನ್‌ಲೋಡ್ ತಾಣದಲ್ಲಿ ಸರಣಿಗೊಂದು ಫೋಲ್ಡರ್ ಮಾಡಿ ಇಟ್ಟಿದ್ದಾರೆ. ಯಾರ ಅಪ್ಪಣೆಯೂ ಬೇಕಿಲ್ಲ, ಹೋಗಿ ಇಳಿಸಿಕೊಳ್ಳಬಹುದು. ನಮ್ಮಂಥವರ ಹಳೆ ಯಂತ್ರಗಳು ಇನ್ನೂ ಉಸಿರಾಡುತ್ತಿರುವುದು ಇಂಥವರಿಂದ. ಅವರಿಗೆ ನಾನು ಋಣಿ.

ಮುಟ್ಟುವ ಮುಂಚೆ

ಹೊಸ ವರ್ಷನ್ ಅಳಿಸಲಿಲ್ಲ. ಅಳಿಸಬೇಕಾದ ಅಗತ್ಯವೇ ಇಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ತಾನೇ ಫೋಲ್ಡರ್ ಹೆಸರಿನ ಕೊನೆಗೆ ವರ್ಷನ್ ನಂಬರ್ ಸೇರಿಸುತ್ತದೆ. ಎರಡೂ ಅಕ್ಕಪಕ್ಕ ಇರಬಹುದು.

ಮೊದಲು ಮಾಡಿದ್ದು ಎರಡು ಫೋಲ್ಡರ್‌ಗಳ ನಕಲು. ಒಂದು, ಬಳಕೆದಾರರ ಆಪ್‌ಡೇಟಾ ಒಳಗೆ ರೋಮಿಂಗ್, ಅದರೊಳಗೆ ಫ್ಲೈಟ್‌ಗೇರ್ ಹೆಸರಿನ ಫೋಲ್ಡರ್. ಫ್ಲೈಟ್‌ಗೇರ್‌ನವರು ಇದನ್ನು ಎಫ್‌ಜಿ ಹೋಮ್ ಅನ್ನುತ್ತಾರೆ. ನಮ್ಮ ಸೆಟ್ಟಿಂಗ್, ಜಾಯ್‌ಸ್ಟಿಕ್ ಫೈಲ್, ಲಾಗ್ ಎಲ್ಲ ಇಲ್ಲಿರುತ್ತವೆ. ಇನ್ನೊಂದು, ಪ್ರೋಗ್ರಾಂ ಜೊತೆ ಬರುವ ಡೇಟಾ ಫೋಲ್ಡರ್. ಇದು ಎಫ್‌ಜಿ ರೂಟ್. ಇದರೊಳಗಿನ ಪ್ರೋಟೋಕಾಲ್ ಫೋಲ್ಡರ್‌ನಲ್ಲಿ ನನ್ನ ಮೀಟರ್‌ಗಳಿಗೆ ಯಾವ ಮಾಹಿತಿ ಹೋಗಬೇಕು ಅಂತ ಬರೆದ ಎಕ್ಸ್‌ಎಂಎಲ್ ಫೈಲ್ ಇತ್ತು. ಈ ಎರಡು ಹೆಸರು ಮುಂದೆ ಮತ್ತೆ ಮತ್ತೆ ಬರುತ್ತವೆ, ನೆನಪಿರಲಿ.

ಆಮೇಲೆ 2020.3.19 ಇಳಿಸಿಕೊಂಡೆ. ಫೈಲ್ ದೊಡ್ಡದು, ಒಂದು ಜಿಬಿಗಿಂತ ಜಾಸ್ತಿ. ಮಧ್ಯೆ ಮಳೆ ಬಂದು ಕರೆಂಟ್ ಹೋಯಿತು, ರೂಟರ್ ಆಫ್ ಆಯಿತು. ಮತ್ತೆ ಮುಂದುವರಿಸಿದಾಗ ಫೈಲ್ ಪೂರ್ತಿ ಬಂದ ಹಾಗೆ ಕಾಣುತ್ತಿತ್ತು. ಕಾಣುವುದನ್ನು ನಂಬಬೇಡಿ. ಸೋರ್ಸ್‌ಫೋರ್ಜ್‌ನಲ್ಲಿ ಫೈಲ್ ಹೆಸರಿನ ಪಕ್ಕ ಇರುವ ಸಣ್ಣ ಗುರುತು ಒತ್ತಿದರೆ ಅದರ ಚೆಕ್‌ಸಮ್, ಅಂದರೆ ಆ ಫೈಲ್‌ನ ಬೆರಳಚ್ಚಿನಂಥ ಅಕ್ಷರಗಳ ಸಾಲು, ತೋರಿಸುತ್ತದೆ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಸರ್ಟ್‌ಯುಟಿಲ್ ಅನ್ನುವ ಉಪಕರಣಕ್ಕೆ ಹ್ಯಾಶ್‌ಫೈಲ್ ಅಂತ ಹೇಳಿ ಫೈಲ್ ಕೊಟ್ಟರೆ ನಮ್ಮ ಹತ್ತಿರ ಇರುವುದರ ಚೆಕ್‌ಸಮ್ ಬರುತ್ತದೆ. ಎರಡೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ನನ್ನದು ಕೂಡಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಇಳಿಸಿದೆ, ಕೂಡಿತು.

ಹಳೆ ಪ್ರೋಗ್ರಾಂ, ಹೊಸ ಡೇಟಾ

ಇನ್‌ಸ್ಟಾಲ್ ಆಯಿತು. ಕಾಕ್‌ಪಿಟ್ ಶುರು ಮಾಡುವ ಕಮಾಂಡ್‌ಗಳನ್ನು ಬರೆದಿಟ್ಟ ಬ್ಯಾಚ್ ಫೈಲ್‌ನಲ್ಲಿ ಪ್ರೋಗ್ರಾಂ ಇರುವ ಜಾಗ ಬದಲಾಯಿಸಿ ಒತ್ತಿದೆ. ಡೇಟಾದ ವರ್ಷನ್ ಹೊಂದುತ್ತಿಲ್ಲ, ಬೇಕಾದದ್ದು ಇದು, ಸಿಕ್ಕಿದ್ದು ಅದು ಅಂತ ಒಂದು ಸಂದೇಶ ತೋರಿಸಿ ನಿಂತಿತು.

ಎಫ್‌ಜಿ ರೂಟ್ ಎಲ್ಲಿದೆ ಅಂತ ಫ್ಲೈಟ್‌ಗೇರ್‌ಗೆ ಹೇಳಲು ಹಲವು ದಾರಿಗಳಿವೆ. ಶುರು ಮಾಡುವಾಗಲೇ ಆಯ್ಕೆಯಾಗಿ ಕೊಡಬಹುದು. ಕೊಡದಿದ್ದರೆ ಅದು ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ, ಅಂದರೆ ಎಲ್ಲ ಪ್ರೋಗ್ರಾಂಗಳೂ ಓದಬಹುದಾದ ಸೆಟ್ಟಿಂಗ್‌ಗಳಲ್ಲಿ, ಎಫ್‌ಜಿ ರೂಟ್ ಹೆಸರು ಇದೆಯಾ ಅಂತ ನೋಡುತ್ತದೆ. ನಮ್ಮ ಯಂತ್ರದಲ್ಲಿ ಆ ವೇರಿಯಬಲ್ 2024.1ರ ಡೇಟಾ ಕಡೆ ತೋರಿಸುತ್ತಿತ್ತು. ಹಳೆ ಪ್ರೋಗ್ರಾಂ ಪಾಪ ಅಲ್ಲಿಗೇ ಹೋಯಿತು.

ಎರಡೂ ಹೊಂದುತ್ತಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಯಿತು ಅಂದರೆ, ಡೇಟಾ ಫೋಲ್ಡರ್‌ನಲ್ಲಿ ವರ್ಷನ್ ಅಂತಲೇ ಹೆಸರಿರುವ ಒಂದು ಫೈಲ್ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಒಂದೇ ಸಾಲು, ಅದರಲ್ಲಿ ವರ್ಷನ್ ನಂಬರ್, ಬೇರೇನಿಲ್ಲ. ಪ್ರೋಗ್ರಾಂ ಮೊದಲು ಓದುವುದು ಇದನ್ನೇ. ಇದನ್ನು ನೋಡಿದ ಯಾರಿಗಾದರೂ ಒಂದು ಆಸೆ ಹುಟ್ಟುತ್ತದೆ: ನಂಬರ್ ತಿದ್ದಿಬಿಟ್ಟರೆ ಆಯಿತಲ್ವಾ? ಅಳಿಯ ಕೂಡ ಅದನ್ನೇ ಕೇಳಿದ. ದಯವಿಟ್ಟು ಮಾಡಬೇಡಿ. ಆ ಫೋಲ್ಡರ್‌ನಲ್ಲಿ ಇರುವುದು ಬರೀ ಚಿತ್ರಗಳಲ್ಲ. ನಾಸಲ್ ಭಾಷೆಯ ಸ್ಕ್ರಿಪ್ಟ್‌ಗಳಿವೆ, ಗ್ರಾಫಿಕ್ಸ್‌ಗೆ ಶೇಡರ್‌ಗಳಿವೆ, ಮೆನುಗಳ ಫೈಲ್‌ಗಳಿವೆ. ಇವೆಲ್ಲ ಆಯಾ ಪ್ರೋಗ್ರಾಂ ಒಳಗೆ ಏನಿದೆ ಅನ್ನುವುದನ್ನು ನಂಬಿ ಬರೆದಿರುವಂಥವು. ನಂಬರ್ ತಿದ್ದಿದರೆ ಬಾಗಿಲು ತೆರೆಯುತ್ತದೆ ಅಷ್ಟೇ. ಒಳಗೆ ಒಂದೊಂದೇ ಕೈಕೊಡುತ್ತಾ ಹೋಗುತ್ತದೆ, ಯಾವುದು ಯಾಕೆ ಅಂತ ಹುಡುಕಲು ಸಾಧ್ಯವಾಗುವುದಿಲ್ಲ. ತೆರೆಯದೆ ನಿಂತಿದ್ದೇ ನಮ್ಮ ಪುಣ್ಯ.

ಆ ವೇರಿಯಬಲ್ ಅನ್ನು ವಿಂಡೋಸ್‌ನಿಂದ ತೆಗೆದುಹಾಕಿದೆ. ಬದಲಿಗೆ ಬ್ಯಾಚ್ ಫೈಲ್ ಒಳಗೇ ಬರೆದೆ. ಹಾಗೆ ಮಾಡಿದರೆ ಆ ಕಿಟಕಿ ಇರುವಷ್ಟು ಹೊತ್ತು ಮಾತ್ರ ಅದು ಜಾರಿಯಲ್ಲಿರುತ್ತದೆ, ಬೇರೆ ಯಾವುದಕ್ಕೂ ತಾಗುವುದಿಲ್ಲ.

ಎಫ್‌ಜಿ ಹೋಮ್ ಬೇರೆ ಮಾಡಿದ್ದು

ಎಫ್‌ಜಿ ರೂಟ್ ವರ್ಷನ್‌ಗೊಂದು ಇರುತ್ತದೆ. ಆದರೆ ಎಫ್‌ಜಿ ಹೋಮ್ ಎಲ್ಲ ವರ್ಷನ್‌ಗಳಿಗೂ ಒಂದೇ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಕೆಲವು ಫೈಲ್‌ಗಳ ಹೆಸರಿನಲ್ಲೇ ವರ್ಷನ್ ಇರುತ್ತದೆ, ಅವುಗಳಿಂದ ತೊಂದರೆ ಇಲ್ಲ. ನಮ್ಮ ಸೆಟ್ಟಿಂಗ್ ಉಳಿಸುವ ಆಟೋಸೇವ್ ಫೈಲ್‌ಗೆ 2020_3 ಅಂತ ಬಾಲ ಇರುತ್ತದೆ. ವಿಮಾನ ನಿಲ್ದಾಣ ಮತ್ತು ದಾರಿಗಳ ನ್ಯಾವ್‌ಡೇಟಾ ಕ್ಯಾಶ್‌ಗೂ ಹಾಗೇ. ಹೊಸ ವರ್ಷನ್ ಮೊದಲ ಸಲ ತೆರೆದಾಗ ಹಳೆಯ ಆಟೋಸೇವ್‌ನಿಂದ ಬೇಕಾದದ್ದನ್ನು ಎತ್ತಿಕೊಳ್ಳುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಹಾಗಾಗಿ ನಮ್ಮ ಹಳೆ ಸೆಟ್ಟಿಂಗ್ ಇಟ್ಟ ಹಾಗೇ ಸಿಕ್ಕಿತು.

ಜಾಯ್‌ಸ್ಟಿಕ್ ಫೈಲ್‌ಗಳಿಗೆ ಆ ಬಾಲ ಇಲ್ಲ. ಹೊಸದರಲ್ಲಿ ಉಳಿಸಿದ್ದನ್ನೇ ಹಳೆಯದೂ ಓದುತ್ತದೆ. ನಮಗೆ ಆಗಿದ್ದು ಇದೇ. ಯೋಕ್ ಚೆನ್ನಾಗಿ ಕೆಲಸ ಮಾಡಿತು, ಪೆಡಲ್ ಮಾಡಿತು. ಪ್ಯಾನೆಲ್‌ನ ಒಂದು ಬಟನ್ ಮಾತ್ರ ಒತ್ತಿದರೆ ಏನೂ ಆಗುತ್ತಿರಲಿಲ್ಲ. ವೈರ್ ನೋಡಿದೆ, ಬೆಸುಗೆ ನೋಡಿದೆ, ಸರಿ ಇತ್ತು. ಲಾಗ್ ಫೈಲ್‌ನಲ್ಲಿ ಒಂದೇ ಒಂದು ದೂರು ಇಲ್ಲ.

ಫ್ಲೈಟ್‌ಗೇರ್ ಒಳಗೆ ಎಲ್ಲವೂ ಪ್ರಾಪರ್ಟಿ ಟ್ರೀ ಅನ್ನುವ ಒಂದು ಮರದ ಕೊಂಬೆಗಳಲ್ಲಿ ಇರುತ್ತದೆ. ಫ್ಲಾಪ್ ಎಷ್ಟಿದೆ, ದೀಪ ಉರಿಯುತ್ತಿದೆಯಾ, ಎಂಜಿನ್ ಎಷ್ಟು ಸುತ್ತುತ್ತಿದೆ, ಎಲ್ಲ. ಬಟನ್ ಒತ್ತಿದಾಗ ಜಾಯ್‌ಸ್ಟಿಕ್ ಫೈಲ್ ಹೇಳಿದ ಕೊಂಬೆಗೆ ಹೋಗಿ ಅಲ್ಲಿ ಒಂದು ಬೆಲೆ ಬರೆಯುತ್ತದೆ. ಆ ಕೊಂಬೆಯೇ ಇಲ್ಲದಿದ್ದರೆ? ತಪ್ಪು ಅನ್ನುವುದಿಲ್ಲ. ಸುಮ್ನೆ ಹೊಸ ಕೊಂಬೆ ಹುಟ್ಟಿಸಿ ಅಲ್ಲಿ ಬರೆದುಬಿಡುತ್ತದೆ. ಡೀಬಗ್ ಮೆನುವಿನಲ್ಲಿ ಒಳಗಿನ ಪ್ರಾಪರ್ಟಿಗಳನ್ನು ನೋಡುವ ಕಿಟಕಿ ಇದೆ. ಅದನ್ನು ತೆರೆದಿಟ್ಟು ಬಟನ್ ಒತ್ತಿದೆ. ಬೆಲೆ ಸೊನ್ನೆಯಿಂದ ಒಂದಕ್ಕೆ ಹೋಗುತ್ತಿದೆ, ಬರುತ್ತಿದೆ. ಅದನ್ನು ಓದುವವರು ಯಾರೂ ಇಲ್ಲ. ಹೊಸ ಡೇಟಾ ಜೊತೆ ಬಂದ ಸೆಸ್ನಾಕ್ಕೆ ಅಂತ ಕಟ್ಟಿದ್ದ ಬಟನ್ ಅದು, ಹಳೆಯ ಸೆಸ್ನಾದಲ್ಲಿ ಆ ಕೊಂಬೆಗೆ ಬೇರೆ ಹೆಸರಿತ್ತು. ಹೆಸರು ತಿದ್ದಿದ ಕೂಡಲೇ ಬಟನ್ ಸರಿಹೋಯಿತು.

ಇದನ್ನು ಕಂಡ ಮೇಲೆ ಎಫ್‌ಜಿ ಹೋಮ್ ಕೂಡ ಬೇರೆ ಬೇರೆ ಮಾಡಿದೆ. ಎಫ್‌ಜಿ ಹೋಮ್ ಹೆಸರಿನ ವೇರಿಯಬಲ್ ಕೊಟ್ಟರೆ ಫ್ಲೈಟ್‌ಗೇರ್ ಮಾಮೂಲಿ ಜಾಗ ಬಿಟ್ಟು ನಾವು ಹೇಳಿದಲ್ಲಿಗೆ ಹೋಗುತ್ತದೆ. ಡಿ ಡ್ರೈವ್‌ನಲ್ಲಿ ವರ್ಷನ್‌ಗೊಂದು ಫೋಲ್ಡರ್ ಮಾಡಿ, ಹಳೆಯದಕ್ಕೆ ಬೇಕಾದ ಫೈಲ್‌ಗಳನ್ನಷ್ಟೇ ನಕಲು ಮಾಡಿದೆ. ನ್ಯಾವ್‌ಡೇಟಾ ಕ್ಯಾಶ್ ತರಲಿಲ್ಲ. ಅದು ಇಲ್ಲದಿದ್ದರೆ ಮೊದಲ ಸಲ ತೆರೆದಾಗ ಫ್ಲೈಟ್‌ಗೇರ್ ತಾನೇ ಕಟ್ಟಿಕೊಳ್ಳುತ್ತದೆ. ಹಳೆ ಲ್ಯಾಪ್‌ಟಾಪ್‌ನಲ್ಲಿ ಇದು ನಿಮಿಷಗಟ್ಟಲೆ ಹಿಡಿಯುತ್ತದೆ. ಪರದೆ ನಿಂತೇ ಹೋಯಿತು ಅಂತ ಅನ್ನಿಸುತ್ತದೆ. ಕಾಯಿರಿ, ಮಧ್ಯೆ ಮುಚ್ಚಬೇಡಿ.

ನೆಲದ ಚಿತ್ರಗಳು ಟೆರಾಸಿಂಕ್ ಮೂಲಕ ಬರುತ್ತವೆ, ಹಾರುವ ಜಾಗದ ಚಿತ್ರವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ ವ್ಯವಸ್ಥೆ ಅದು. ಡೌನ್‌ಲೋಡ್ ಫೋಲ್ಡರ್ ಬೇರೆ ಮಾಡಿದರೆ ಮತ್ತೆ ಇಳಿಸಬೇಕಾಗುತ್ತದೆ. ಅದಕ್ಕೆ ಹಳೆಯ ಡೌನ್‌ಲೋಡ್ ಫೋಲ್ಡರ್‌ನಿಂದ ಬೆಂಗಳೂರಿನ ತುಂಡುಗಳನ್ನು ಮಾತ್ರ ತಂದುಕೊಂಡೆ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಟೆರೇನ್ ಫೋಲ್ಡರ್‌ನಲ್ಲಿ ಭೂಮಿಯನ್ನು ಹತ್ತು ಡಿಗ್ರಿಯ ಚೌಕ, ಅದರೊಳಗೆ ಒಂದು ಡಿಗ್ರಿಯ ಚೌಕ ಅಂತ ಹಂಚಿರುತ್ತಾರೆ. ಫೋಲ್ಡರ್ ಹೆಸರಿನಲ್ಲೇ ರೇಖಾಂಶ ಅಕ್ಷಾಂಶ ಇರುತ್ತವೆ. ನಮ್ಮದು ಪೂರ್ವ 77. ಆದರೆ ಉತ್ತರ 13ರ ಅಕ್ಷಾಂಶ ರೇಖೆ ಬೆಂಗಳೂರಿನ ಒಳಗೇ ಹಾದುಹೋಗುತ್ತದೆ, ಮಲ್ಲೇಶ್ವರದ ಆಸುಪಾಸಿನಲ್ಲಿ. ಹಾಗಾಗಿ ಜಕ್ಕೂರು, ಯಲಹಂಕ, ದೇವನಹಳ್ಳಿ 13ರ ಚೌಕದಲ್ಲಿವೆ. ಎಚ್‌ಎಎಲ್ ವಿಮಾನ ನಿಲ್ದಾಣ 12ರ ಚೌಕದಲ್ಲಿದೆ. ಒಂದೇ ಚೌಕ ತಂದರೆ ಅರ್ಧ ಊರು ಇರುವುದಿಲ್ಲ. ಎರಡೂ ತರಬೇಕು.

ಮುಳ್ಳುಗಳು ಅಲುಗಲಿಲ್ಲ

ಸಿಮ್ಯುಲೇಟರ್ ತೆರೆಯಿತು. ಜಕ್ಕೂರಿನ ರನ್‌ವೇ ಮೇಲೆ ಸೆಸ್ನಾ ನಿಂತಿತ್ತು. ಫ್ರೇಮ್ ರೇಟ್ ಮೂವತ್ತರ ಮೇಲೆ ಹೋಗಿತ್ತು. ಎಂಜಿನ್ ಶುರು ಮಾಡಿದರೆ ಪರದೆಯಲ್ಲಿ ಆರ್‌ಪಿಎಂ ಏರುತ್ತಿದೆ, ಪ್ಲೈವುಡ್ ಪ್ಯಾನೆಲ್‌ನ ಐದೂ ಮುಳ್ಳು ಸೊನ್ನೆಯಲ್ಲೇ ಇವೆ.

ಮೀಟರ್‌ಗಳಿಗೆ ಮಾಹಿತಿ ಹೋಗುವುದು ಫ್ಲೈಟ್‌ಗೇರ್‌ನ ಜೆನೆರಿಕ್ ಪ್ರೋಟೋಕಾಲ್ ಮೂಲಕ. ಶುರು ಮಾಡುವಾಗ ಒಂದು ಆಯ್ಕೆ ಕೊಡಬೇಕು: ಸೀರಿಯಲ್ ಪೋರ್ಟ್, ಹೊರಕ್ಕೆ, ಸೆಕೆಂಡಿಗೆ ಇಪ್ಪತ್ತು ಸಲ, ಕಾಮ್ 5, ವೇಗ 115200, ಕೊನೆಗೆ ಎಕ್ಸ್‌ಎಂಎಲ್ ಫೈಲ್‌ನ ಹೆಸರು. ಆ ಫೈಲ್‌ನಲ್ಲಿ ಯಾವ ಪ್ರಾಪರ್ಟಿ ಯಾವ ಕ್ರಮದಲ್ಲಿ ಹೋಗಬೇಕು, ನಡುವೆ ಕಾಮಾ ಬೇಕಾ ಅಂತ ಬರೆದಿರುತ್ತದೆ. ನಂಬರ್‌ಗಳು ಒಂದೊಂದೇ ಸಾಲಾಗಿ ನ್ಯಾನೊಗೆ ಹೋಗುತ್ತವೆ, ನ್ಯಾನೊ ಮೋಟರ್ ತಿರುಗಿಸುತ್ತದೆ.

ಡೇಟಾ ಫೋಲ್ಡರ್ ಹೊಸದಾಗಿ ಬಂದಿದ್ದರಿಂದ ಪ್ರೋಟೋಕಾಲ್ ಫೋಲ್ಡರ್‌ನಲ್ಲಿ ನನ್ನ ಫೈಲ್ ಇರುವುದಿಲ್ಲ ಅಂತ ಗೊತ್ತಿತ್ತು. ಹಿಂದೆ 2020.3 ಬಳಸುತ್ತಿದ್ದಾಗ ಮಾಡಿಟ್ಟಿದ್ದ ನಕಲಿನಿಂದ ಅದನ್ನು ತಂದು ಇಟ್ಟಿದ್ದೆ. ಹಾಗಾದರೆ ಯಾಕೆ ಅಲುಗುತ್ತಿಲ್ಲ?

ಪ್ಯಾನೆಲ್ ಹಿಂದೆ ಬಗ್ಗಿ ನೋಡಿದೆ. ನ್ಯಾನೊ ಮೇಲೆ ಮಾಹಿತಿ ಬಂದಾಗ ಮಿಣುಕುವ ಒಂದು ಸಣ್ಣ ದೀಪ ಇದೆ. ಅದು ಬಿಡದೆ ಪಟಪಟ ಮಿಣುಕುತ್ತಿತ್ತು. ಈ ಒಂದು ದೀಪ ಅರ್ಧ ಕೆಲಸ ಮುಗಿಸಿತು. ಕೇಬಲ್ ಸರಿ ಇದೆ, ಪೋರ್ಟ್ ಸರಿ ಇದೆ, ಫ್ಲೈಟ್‌ಗೇರ್ ಕಳಿಸುತ್ತಿದೆ. ನ್ಯಾನೊಗೆ ತಲುಪುತ್ತಿದೆ. ತಲುಪಿದ್ದನ್ನು ಅದು ಒಪ್ಪುತ್ತಿಲ್ಲ.

ಏನು ಬರುತ್ತಿದೆ ಅಂತ ನೋಡಬೇಕು. ಆದರೆ ಪೋರ್ಟ್ ಫ್ಲೈಟ್‌ಗೇರ್ ಕೈಯಲ್ಲಿದೆ, ಬೇರೆ ಪ್ರೋಗ್ರಾಂನಿಂದ ಅದನ್ನು ತೆರೆಯಲು ಆಗುವುದಿಲ್ಲ. ಇದಕ್ಕೆ ಸುಲಭದ ದಾರಿ ಇದೆ. ಅದೇ ಆಯ್ಕೆಯಲ್ಲಿ ಸೀರಿಯಲ್ ಬದಲು ಫೈಲ್ ಅಂತ ಕೊಟ್ಟು, ಪೋರ್ಟ್ ಬದಲು ಒಂದು ಫೈಲ್ ಹೆಸರು ಕೊಡಿ. ಮೀಟರ್‌ಗಳಿಗೆ ಹೋಗುತ್ತಿದ್ದುದೆಲ್ಲ ಫೈಲ್‌ಗೆ ಬೀಳುತ್ತದೆ. ಸ್ವಲ್ಪ ಹೊತ್ತು ಓಡಿಸಿ, ಮುಚ್ಚಿ, ನೋಟ್‌ಪ್ಯಾಡ್‌ನಲ್ಲಿ ತೆರೆದೆ. ವೇಗ, ಆರ್‌ಪಿಎಂ, ಎತ್ತರ, ಏರಿಳಿತ. ಸಾಲಿಗೆ ನಾಲ್ಕು ನಂಬರ್.

ಇಂಧನದ ಮೀಟರ್ ಪ್ಯಾನೆಲ್‌ಗೆ ಬಂದದ್ದು 2024.1 ಹಾಕಿದ ಮೇಲೆ. ಆಗ ಎಕ್ಸ್‌ಎಂಎಲ್‌ಗೆ ಐದನೇ ನಂಬರ್ ಸೇರಿತ್ತು, ನ್ಯಾನೊ ಕೋಡ್ ಕೂಡ ಐದಕ್ಕೆ ಬದಲಾಗಿತ್ತು. ಆ ಕೋಡ್ ಸಾಲಿನಲ್ಲಿ ಐದು ನಂಬರ್ ಇಲ್ಲದಿದ್ದರೆ ಇಡೀ ಸಾಲನ್ನೇ ಬಿಟ್ಟುಬಿಡುತ್ತದೆ. ಅದು ಬೇಕೆಂದೇ ಇಟ್ಟ ಕಾವಲು. ಅರ್ಧ ಬಂದ ಸಾಲನ್ನು ನಂಬಿದರೆ ಮುಳ್ಳುಗಳು ದಿಕ್ಕೆಟ್ಟು ಕುಣಿಯುತ್ತವೆ. ಅಂದರೆ ಪ್ರೋಗ್ರಾಂ ಹಿಂದಕ್ಕೆ ಬಂದಿದೆ, ಡೇಟಾ ಬಂದಿದೆ, ಸೆಟ್ಟಿಂಗ್ ಬಂದಿದೆ. ನ್ಯಾನೊ ಒಳಗಿನ ಕೋಡ್ ಇನ್ನೂ 2024ರಲ್ಲೇ ಇದೆ.

ಇಂಧನದ ಮೀಟರ್ ಬಿಡುವ ಮನಸ್ಸಿರಲಿಲ್ಲ. ಕೋಡ್ ಹಿಂದಕ್ಕೆ ಒಯ್ಯುವ ಬದಲು ಹಳೆ ಎಕ್ಸ್‌ಎಂಎಲ್‌ಗೇ ಐದನೇ ಸಾಲು ಸೇರಿಸಿದೆ. ಎಡ ಟ್ಯಾಂಕ್‌ನಲ್ಲಿ ಎಷ್ಟು ಗ್ಯಾಲನ್ ಇದೆ ಅನ್ನುವ ಪ್ರಾಪರ್ಟಿ ಹಳೆಯದರಲ್ಲೂ ಇದೆ. ಸೇರಿಸುವ ಮುನ್ನ ಪ್ರಾಪರ್ಟಿ ಕಿಟಕಿಯಲ್ಲಿ ಕಣ್ಣಾರೆ ನೋಡಿಕೊಂಡೆ. ಬಟನ್ ಕಲಿಸಿದ ಪಾಠ.

ಮತ್ತೆ ಶುರು ಮಾಡಿದಾಗ ಮುಳ್ಳುಗಳು ಎದ್ದವು. ಪರೀಕ್ಷೆಗೆ ನಾನು ಯಾವಾಗಲೂ ನೋಡುವುದು ಆಲ್ಟಿಮೀಟರ್ ಅನ್ನು. ಬೆಂಗಳೂರಿನಲ್ಲಿ ನೆಲದ ಮೇಲೆ ನಿಂತ ವಿಮಾನದ ಆಲ್ಟಿಮೀಟರ್ ಸೊನ್ನೆ ತೋರಿಸಬಾರದು, ಅಲ್ವಾ? ಅದು ಸಮುದ್ರ ಮಟ್ಟದಿಂದ ಎತ್ತರ ಹೇಳುತ್ತದೆ. ಜಕ್ಕೂರು 3000 ಅಡಿಯ ಆಸುಪಾಸಿನಲ್ಲಿದೆ. ದೊಡ್ಡ ಮುಳ್ಳು ಒಂದು ಸುತ್ತು ಬಂದರೆ ಸಾವಿರ ಅಡಿ. ಮೋಟರ್‌ಗೆ ಒಂದು ಸುತ್ತಿಗೆ ಸುಮಾರು 2048 ಹೆಜ್ಜೆ, ಅಂದರೆ ಹೆಜ್ಜೆಗೆ ಅರ್ಧ ಅಡಿ. ಸೊನ್ನೆ ಗುರುತಿಸುವ ಸೆನ್ಸರ್ ಅನ್ನು ಸಣ್ಣ ಮುಳ್ಳಿನ ಗೇರಿನ ಮೇಲೆ ಇಟ್ಟಿದ್ದೇನೆ. ದೊಡ್ಡ ಮುಳ್ಳಿನ ಮೇಲೆ ಇಟ್ಟರೆ ಎಷ್ಟನೇ ಸಾವಿರ ಅಂತ ಗೊತ್ತಾಗುವುದಿಲ್ಲ. ದೊಡ್ಡ ಮುಳ್ಳು ಸೊನ್ನೆಯಿಂದ ಹೊರಟು ಮೂರು ಸುತ್ತು ಹಾಕಿ ಮತ್ತೆ ಸೊನ್ನೆಯ ಹತ್ತಿರ ಬಂದು ನಿಂತಿತು. ಸಣ್ಣದು ಮೂರರ ಮೇಲೆ. ಸರಿಯಾಗಿದೆ.

ಅಳಿಯ ಕೂತ. ನೆಲದಿಂದ ಸಾವಿರ ಅಡಿ, ಅಂದರೆ ಮೀಟರ್‌ನಲ್ಲಿ ನಾಲ್ಕು ಸಾವಿರಕ್ಕೆ ಏರಿ, ಸುತ್ತು ಹಾಕಿ, 65 ನಾಟ್‌ನಲ್ಲಿ ರನ್‌ವೇ ಕಡೆ ಬಂದ. ಚಕ್ರ ಮುಟ್ಟುವ ಮುನ್ನ ಯೋಕ್ ಎಳೆದ. ಮೂತಿ ಎದ್ದಿತು.

"ಈಗ ಸಿಗ್ತಿದೆ ಮಾಮ. ಆದ್ರೆ ನಾನು ಬೇಗ ಎಳೀತಿದೀನಿ."

ತಡಕ್ಕೆ ಹೊಂದಿಕೊಂಡ ಕೈ ಅದು. ಇಳಿಯುವುದನ್ನೇ ಮತ್ತೆ ಮತ್ತೆ ಮಾಡಿದ ಮೇಲೆ ಸರಿಹೋಯಿತು.

ಬೇರೆ ಸಿಮ್ಯುಲೇಟರ್ ಇರುವವರಿಗೆ

ಎಕ್ಸ್‌ಪ್ಲೇನ್ ಬಳಸುವವರಿಗೆ ಇದರಲ್ಲಿ ಅರ್ಧ ತಲೆನೋವು ಇಲ್ಲ. ಅದರ ಸರ್ವಸ್ವವೂ ಒಂದೇ ಫೋಲ್ಡರ್‌ನಲ್ಲಿ ಇರುತ್ತದೆ. ಅಪ್‌ಡೇಟ್ ಮಾಡುವ ಮುಂಚೆ ಇಡೀ ಫೋಲ್ಡರ್ ನಕಲು ಮಾಡಿಟ್ಟರೆ ಅದೇ ನಿಮ್ಮ ಹಿಂದಿನ ವರ್ಷನ್. ಒಂದು ಎಚ್ಚರಿಕೆ: ಪ್ಲೇನ್ ಮೇಕರ್‌ನಲ್ಲಿ ನೀವೇ ವಿಮಾನ ಮಾಡುತ್ತಿದ್ದರೆ, ಎಕ್ಸ್‌ಪ್ಲೇನ್ 12ರಲ್ಲಿ ಉಳಿಸಿದ ಫೈಲ್ ಎಕ್ಸ್‌ಪ್ಲೇನ್ 11ರಲ್ಲಿ ತೆರೆಯುವುದಿಲ್ಲ. ಹಳೆಯ ಫೈಲ್ ಬೇರೆ ಇಟ್ಟುಕೊಳ್ಳಿ. ಇಡೀ ಭೂಮಿಯ ಚಿತ್ರ ಇಂಟರ್‌ನೆಟ್‌ನಿಂದಲೇ ಬರುವ ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಂಥವುಗಳಲ್ಲಿ ಈ ದಾರಿ ಇಲ್ಲ.

ಈಗ ಇರುವ ವ್ಯವಸ್ಥೆ

ಡೆಸ್ಕ್‌ಟಾಪ್ ಮೇಲೆ ಎರಡು ಬ್ಯಾಚ್ ಫೈಲ್ ಇವೆ, ವರ್ಷನ್‌ಗೊಂದು. ಪ್ರತಿಯೊಂದರಲ್ಲೂ ಅದರದೇ ಎಫ್‌ಜಿ ರೂಟ್, ಅದರದೇ ಎಫ್‌ಜಿ ಹೋಮ್, ಅದರದೇ ಡೌನ್‌ಲೋಡ್ ಫೋಲ್ಡರ್. ವಿಂಡೋಸ್‌ನ ವೇರಿಯಬಲ್‌ಗಳಲ್ಲಿ ಏನೂ ಉಳಿದಿಲ್ಲ.

ನ್ಯಾನೊ ಕೋಡ್ ಬಗ್ಗೆ ಇನ್ನೊಂದು ಬದಲಾವಣೆ ಮಾಡಿದೆ. ಮುಂದೆ ಆರನೇ ಮೀಟರ್ ಬಂದರೆ ಮತ್ತೆ ಇದೇ ಪಾಡು ಬೇಡ. ಫ್ಲೈಟ್‌ಗೇರ್ ಶುರು ಮಾಡುವಾಗ ಪ್ರಾಪ್ ಅನ್ನುವ ಆಯ್ಕೆಯಿಂದ ನಮ್ಮದೇ ಒಂದು ಪ್ರಾಪರ್ಟಿ ಹುಟ್ಟಿಸಬಹುದು. ಕೊಂಬೆ ಇಲ್ಲದಿದ್ದರೆ ತಾನೇ ಹುಟ್ಟಿಸುವ ಗುಣ ಇಲ್ಲಿ ಉಪಕಾರಕ್ಕೆ ಬಂತು. ಬ್ಯಾಚ್ ಫೈಲ್‌ನಲ್ಲಿ ಅಂಥ ಒಂದಕ್ಕೆ ನಂಬರ್ ಕೊಟ್ಟು, ಎಕ್ಸ್‌ಎಂಎಲ್‌ನಲ್ಲಿ ಅದನ್ನೇ ಮೊದಲ ಜಾಗದಲ್ಲಿ ಇಟ್ಟಿದ್ದೇನೆ. ಈಗ ಪ್ರತಿ ಸಾಲಿನ ಮೊದಲ ನಂಬರ್ ಇದು ಯಾವ ಜೋಡಣೆಯ ಸಾಲು ಅಂತ ನ್ಯಾನೊಗೆ ಹೇಳುತ್ತದೆ. ಅದನ್ನು ನೋಡಿ ಅದರ ನಂತರ ಎಷ್ಟು ನಂಬರ್ ಬರಬೇಕು ಅಂತ ಅದು ತೀರ್ಮಾನಿಸುತ್ತದೆ. ಗುರುತಿಲ್ಲದ ನಂಬರ್ ಬಂದರೆ ಪ್ಯಾನೆಲ್ ಮೂಲೆಯ ಕೆಂಪು ಎಲ್‌ಇಡಿ ಹತ್ತಿಕೊಳ್ಳುತ್ತದೆ. 2024.1ರ ಎಕ್ಸ್‌ಎಂಎಲ್‌ಗೂ ಇದೇ ತಿದ್ದುಪಡಿ ಹಾಕಿ ಆಯಿತು, ಎರಡು ವರ್ಷನ್‌ಗೂ ಒಂದೇ ಕೋಡ್ ಓಡುತ್ತಿದೆ.